ಬೀದಿಗೆ ಊಟದ ಮೇಜು ತಂದಿಟ್ಟವರು

1972ರಲ್ಲಿ ಡಚ್ ಟೆಲಿವಿಷನ್‌ಗಾಗಿ ತೆಗೆದ ಸಾಕ್ಷ್ಯಚಿತ್ರವೊಂದಿದೆ. ಆಮ್‌ಸ್ಟರ್‌ಡಾಮಿನ ಡೆ ಪೈಪ್ ಆಗ ಕೂಲಿಕಾರ್ಮಿಕರ ಕೇರಿ. ಗೋಡೆಗೆ ಗೋಡೆ ಅಂಟಿದ ಮನೆಗಳು, ಇಕ್ಕಟ್ಟಿನ ಬೀದಿ, ಬೀದಿಯ ಎರಡೂ ಬದಿಗೆ ಸಾಲುಗಟ್ಟಿ ನಿಂತ ಕಾರುಗಳು. ಮಕ್ಕಳು ಆಡುವುದೆಲ್ಲಿ? ಚಿತ್ರದಲ್ಲಿ ಇದನ್ನು ಕೇಳುವವರು ಮಕ್ಕಳೇ. ಅಲ್ಲಿನ ಶಾಲೆಯ ಹುಡುಗ ಹುಡುಗಿಯರು ಓಡಾಡಿ ಸಹಿ ಸಂಗ್ರಹಿಸುತ್ತಾರೆ. ಕೊನೆಗೆ ಬೀದಿಗೆ ಅಡ್ಡ ಕಟ್ಟಿ, ಇನ್ನು ಇದು ನಮ್ಮ ಆಟದ ಜಾಗ ಎಂದು ನಿಂತುಬಿಡುತ್ತಾರೆ. ಕಾರಿನವರು ರೇಗುತ್ತಾರೆ, ದೊಡ್ಡವರ ನಡುವೆ ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸುವವರೆಗೂ ಹೋಗುತ್ತದೆ. ಮಕ್ಕಳು ಮಾತ್ರ ಪಟ್ಟು ಬಿಡುವುದಿಲ್ಲ. ಯುಟ್ಯೂಬಿನಲ್ಲಿ ಹುಡುಕಿದರೆ ಈಗಲೂ ಸಿಗುತ್ತದೆ; ಭಾಷೆ ಬಾರದಿದ್ದರೂ ಜಗಳ ಅರ್ಥವಾಗುತ್ತದೆ!

ಹಾಲೆಂಡ್ ಎಂದರೆ ಹುಟ್ಟಾ ಸೈಕಲ್ ನಾಡು ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು. ಎರಡನೇ ಮಹಾಯುದ್ಧದ ನಂತರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ್ದೇ ಡಚ್ಚರೂ ಕಾರಿನ ಬೆನ್ನು ಹತ್ತಿದ್ದರು. ಊರ ಚೌಕಗಳು ಪಾರ್ಕಿಂಗ್ ಆದವು, ಹಳೆಯ ಕೇರಿಗಳನ್ನು ಕೆಡವಿ ರಸ್ತೆ ಮಾಡುವ ನಕ್ಷೆಗಳು ಸಿದ್ಧವಾದವು. 1971ರ ಒಂದೇ ವರ್ಷ ಅಲ್ಲಿನ ರಸ್ತೆಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳು ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತರ ಮಗಳು. ಆರು ವರ್ಷದವಳು, ಸೈಕಲ್ಲಿನಲ್ಲಿ ಶಾಲೆಗೆ ಹೊರಟಿದ್ದಳು. ಕಾರು ಓಡಿಸಿದವರಿಗೆ ನ್ಯಾಯಾಲಯ ಹಾಕಿದ ದಂಡ 150 ಗಿಲ್ಡರ್. ಲಾಂಗೆನ್‌ಹಾಫ್ ಮರುವರ್ಷ ‘ಡೆ ಟೈಟ್’ ಪತ್ರಿಕೆಯಲ್ಲಿ ಲೇಖನ ಬರೆದರು. ಅದರ ತಲೆಬರಹದಿಂದಲೇ ‘ಸ್ಟಾಪ್ ಡೆ ಕಿಂಡರ್‌ಮೋರ್ಡ್’, ಅಂದರೆ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಸಂಘ ಹುಟ್ಟಿಕೊಂಡಿತು. ಮೃದುವಾದ ಹೆಸರಿಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲವೇನೋ. ಮಕ್ಕಳಿಗೆ ‘ರಸ್ತೆಯಲ್ಲಿ ಹುಷಾರು’ ಎಂದು ಬುದ್ಧಿ ಹೇಳುವ ಸಂಸ್ಥೆಗಳು ಮೊದಲೂ ಇದ್ದವು. ಹುಷಾರಾಗಬೇಕಾದ್ದು ರಸ್ತೆ ಕಟ್ಟುವವರು ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದು ಈ ಸಂಘ.

ಸಂಘದ ಮೊದಲ ಅಧ್ಯಕ್ಷೆ ಮಾರ್ಟ್ಯ ವಾನ್ ಪುಟನ್, ಆಮ್‌ಸ್ಟರ್‌ಡಾಮಿನ ಎಳೆ ವಯಸ್ಸಿನ ತಾಯಿ. ಮುಂದೆ ಯುರೋಪಿಯನ್ ಸಂಸತ್ತಿನವರೆಗೂ ಹೋದ ಈಕೆಯ ಆಗಿನ ಹೋರಾಟದ ರೀತಿಯೇ ನನ್ನನ್ನು ಈ ಸಂಘದತ್ತ ಎಳೆದದ್ದು. ಬೀದಿಯನ್ನು ಒಂದು ದಿನದ ಮಟ್ಟಿಗೆ ಬಂದ್ ಮಾಡಿ ಮಕ್ಕಳನ್ನು ಆಡಲು ಬಿಡುವುದು. ಮನೆಯೊಳಗಿನ ಮೇಜು ಕುರ್ಚಿಗಳನ್ನು ಎತ್ತಿ ತಂದು ರಸ್ತೆಯ ಮೇಲೇ ಹಾಕಿ, ಇಡೀ ಬೀದಿಯವರು ಪಂಕ್ತಿ ಕೂತು ಉಣ್ಣುವುದು. ಲಾಠಿ ಬೀಸಿ ಚದುರಿಸಬೇಕಾಗಿದ್ದ ಪೊಲೀಸರು ಸಹಕಾರ ಕೊಟ್ಟರಂತೆ. ಊಟಕ್ಕೆ ಕೂತ ಸಂಸಾರವಂದಿಗರನ್ನು ಎಬ್ಬಿಸಲು ಯಾರಿಗೆ ತಾನೆ ಮನಸ್ಸು ಬಂದೀತು? ಪ್ರಧಾನಿ ಯೋಪ್ ಡೆನ್ ಔಲ್ ಅವರ ಮನೆಗೂ ಸೈಕಲ್ ತುಳಿದುಕೊಂಡು ಹೋಗಿ ಹಾಡು ಹಾಡಿದರು. ಪಡಸಾಲೆ ದಾಟಿ ಒಳಗೆ ಹೋಗಲಾಗಲಿಲ್ಲ. ಪ್ರಧಾನಿಯೇ ಎದ್ದು ಬಂದು ಅಹವಾಲು ಕೇಳಿಸಿಕೊಂಡರು.

ಕಾಲವೂ ಕೂಡಿಬಂತು. 1973ರಲ್ಲಿ ತೈಲ ಬಿಕ್ಕಟ್ಟು ಬಂದು ಸರ್ಕಾರವೇ ಭಾನುವಾರಗಳಂದು ಕಾರು ಓಡಿಸಬಾರದೆಂದಿತು. ಖಾಲಿ ಹೆದ್ದಾರಿಯಲ್ಲಿ ಜನ ಸ್ಕೇಟಿಂಗ್ ಮಾಡಿದರು. ಹಳೆಯ ಅಂಗಡಿಯೊಂದರಲ್ಲಿ ಕಚೇರಿ ತೆರೆದ ಸಂಘಕ್ಕೆ ಸರ್ಕಾರದ ಅನುದಾನವೂ ಸಿಕ್ಕಿತು. ಡೆಲ್ಫ್ಟ್ ಪಟ್ಟಣದಲ್ಲಿ ಆಗಲೇ ನಡೆಯುತ್ತಿದ್ದ ‘ವೋನ್‌ಎರ್ಫ್’ ಪ್ರಯೋಗಕ್ಕೆ ಇವರ ಒತ್ತಾಸೆಯಿತ್ತು. ಬೀದಿಯ ಪೂರ್ತಿ ಅಗಲ ನಡೆಯುವವರದು, ಆಡುವವರದು. ಕಾರು ಬರಬಹುದು, ಆದರೆ ಮನುಷ್ಯನ ನಡಿಗೆಯ ವೇಗದಲ್ಲಿ. 1976ರಲ್ಲಿ ಇದಕ್ಕೆ ಕಾನೂನಿನ ಮುದ್ರೆ ಬಿತ್ತು.

ಸೈಕಲ್ ಸವಾರರದೇ ಒಂದು ಒಕ್ಕೂಟ 1975ರಲ್ಲಿ ಎದ್ದಿತು. ಈಗಿನ ‘ಫೀಟ್ಸರ್ಸ್‌ಬೋಂಡ್’ ಅದೇ. ತಮಾಷೆಯೆಂದರೆ, ಒಕ್ಕೂಟದ ಆಗಿನ ಹೆಸರು ನಮ್ಮದನ್ನು ಹೋಲುತ್ತದೆ ಎಂದು ಇವರನ್ನು ಕೋರ್ಟಿಗೆಳೆದದ್ದು ಎಎನ್‌ಡಬ್ಲ್ಯೂಬಿ ಎಂಬ ವಾಹನ ಸವಾರರ ಭಾರೀ ಸಂಸ್ಥೆ. ಅದೂ 1883ರಲ್ಲಿ ಹುಟ್ಟಿದ್ದು ಸೈಕಲ್ ಸಂಘವಾಗಿಯೇ! ಅಪಾಯದ ತಿರುವುಗಳನ್ನು ಪಟ್ಟಿ ಮಾಡಿ ನಗರಸಭೆಗೆ ಕೊಡುವುದು, ಅಲ್ಲಿ ಕೇಳದಿದ್ದರೆ ರಾತ್ರಿ ಹೋಗಿ ತಾವೇ ಸೈಕಲ್ ಪಥದ ಗೆರೆ ಬಳಿಯುವುದು ಒಕ್ಕೂಟದವರ ಕೆಲಸವಾಗಿತ್ತು. ಪೊಲೀಸರು ಹಿಡಿದರೆ ಇನ್ನೂ ಒಳ್ಳೆಯದು, ಪತ್ರಿಕೆಯಲ್ಲಿ ಸುದ್ದಿಯಾಗುತ್ತಿತ್ತು.

ಬೆಂಗಳೂರಿಗೂ ಆಮ್‌ಸ್ಟರ್‌ಡಾಮಿನ ಒಂದು ಎಳೆ ಇದೆ. ಅಲ್ಲಿನ ಬಿವೈಸಿಎಸ್ ಎಂಬ ಸಂಸ್ಥೆ ಜಗತ್ತಿನ ಊರುಗಳಿಗೆ ‘ಬೈಸಿಕಲ್ ಮೇಯರ್’ಗಳನ್ನು ಗೊತ್ತುಮಾಡುತ್ತದೆ, 2018ರಲ್ಲಿ ಬೆಂಗಳೂರಿಗೂ ಒಬ್ಬರು ಬಂದರು. ಜಯನಗರದ ಸೈಕಲ್ ಪಥದ ಮೇಲೆ ಕಾರು ನಿಂತದ್ದನ್ನು ಕಂಡವರಿಗೆ ಆ ಹುದ್ದೆಯ ಪಾಡು ವಿವರಿಸಬೇಕಾಗಿಲ್ಲ.

2010ರ ಹೊತ್ತಿಗೆ ಡಚ್ ರಸ್ತೆಗಳಲ್ಲಿ ವರ್ಷಕ್ಕೆ ಸಾಯುವ ಮಕ್ಕಳ ಸಂಖ್ಯೆ 14ಕ್ಕೆ ಇಳಿದಿತ್ತು. ಅಷ್ಟರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಸಂಘವೂ ಇರಲಿಲ್ಲ. ಮೊದಲು ಸೌಮ್ಯವಾದ ಬೇರೆ ಹೆಸರಿಟ್ಟುಕೊಂಡು, 2000ದಲ್ಲಿ ರಸ್ತೆ ಸುರಕ್ಷತೆಯ ಹಳೆಯ ಸಂಸ್ಥೆಯೊಂದಿಗೆ ಸೇರಿಹೋಯಿತು. ಆ ಸಂಸ್ಥೆ ಈಗಲೂ ಶಾಲಾ ಮಕ್ಕಳಿಗೆ ಸೈಕಲ್ ಪರೀಕ್ಷೆ ನಡೆಸುತ್ತದೆ. ಮೈಮೇಲೆ ನಂಬರಿನ ಅಂಗಿ ತೊಟ್ಟ ಮಕ್ಕಳು ಊರಿನ ನಿಜವಾದ ಟ್ರಾಫಿಕ್ಕಿನಲ್ಲಿ ಒಬ್ಬೊಬ್ಬರೇ ತುಳಿಯುತ್ತಾರೆ. ತಿರುವುಗಳಲ್ಲಿ ಹಾಳೆ ಹಿಡಿದು ನಿಂತ ಸ್ವಯಂಸೇವಕರು, ಕೈ ತೋರಿಸಿದರೇ, ಹಿಂದೆ ನೋಡಿದರೇ ಎಂದು ಗುರುತು ಹಾಕಿಕೊಳ್ಳುತ್ತಾರೆ.

ಮಕ್ಕಳ ಸಾವು ಇಳಿದ ನಾಡಿನಲ್ಲಿ ಈಗ ಬೇರೆಯದೇ ಲೆಕ್ಕ. 2022ರಲ್ಲಿ ಅಲ್ಲಿ 291 ಸೈಕಲ್ ಸವಾರರು ಸತ್ತರು, ಬಹುಪಾಲು ವಯಸ್ಸಾದವರು. ಬ್ಯಾಟರಿ ಸೈಕಲ್ಲು ವೇಗವಾಗಿ ಹೋಗುತ್ತದೆ, ಮೈ ಹಳೆಯ ಮೈ. ಹಾಗಾಗಿ ಒಕ್ಕೂಟದ ಸ್ವಯಂಸೇವಕರು ಈಗ ಅಜ್ಜ ಅಜ್ಜಿಯರಿಗೆ ತರಗತಿ ನಡೆಸುತ್ತಾರೆ: ಹತ್ತುವುದು ಹೇಗೆ, ಇಳಿಯುವುದು ಹೇಗೆ, ಬ್ರೇಕು ಎಷ್ಟು ಹಿಡಿಯಬೇಕು. ಅಂದು ಮೇಜು ಹೊತ್ತು ಬೀದಿಗಿಳಿದ ಎಳೆಯ ತಾಯಂದಿರಿಗೆ ಈಗ ಸರಿಯಾಗಿ ಅದೇ ವಯಸ್ಸು.