ಕಾರಿನ ಹೊಟ್ಟೆ ಯಾವಾಗ ನೋಡಿದ್ರಿ?

ಕಳೆದ ತಿಂಗಳು ಅಪ್ಪನನ್ನು ಕೂರಿಸಿಕೊಂಡು ಶಿರಾ ಕಡೆ ಹೊರಟಿದ್ದೆ. ಕಾರು 2009ರ ಪೋರ್ಷೆ ಬಾಕ್‌ಸ್ಟರ್, ಮೂರನೇ ಕೈ ಮಾಲು. ಇಎಂಐ ನನ್ನದು, ಬೈಗುಳ ಅಮ್ಮನದು! ತುಮಕೂರು ದಾಟಿ ಸ್ಪೀಡ್ ಏರುತ್ತಿದ್ದಂತೆ ಕೆಳಗಿನಿಂದ ಪಟಪಟ ಸದ್ದು. ನಾನು ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದೆ. ಅಪ್ಪ ಬಿಡಲಿಲ್ಲ. "ಮೊದ್ಲು ಸೈಡಿಗೆ ಹಾಕೋ, ಏನೋ ಕಿತ್ಕೊಂಡಿದೆ."

ಬಗ್ಗಿ ನೋಡಿದರೆ ತಳದ ಪ್ಲಾಸ್ಟಿಕ್ ಪ್ಯಾನೆಲ್‌ನ ಮುಂದಿನ ಅಂಚು ಜೋತುಬಿದ್ದು ನೆಲ ಸವರುತ್ತಿತ್ತು. ಅದು ಪೂರ್ತಿ ಕಿತ್ತು ಹಾರಿದ್ದರೆ? ಹಿಂದೆಯೇ ಬೈಕಿನಲ್ಲಿ ಗಂಡ, ಹೆಂಡತಿ, ಮಗು ಬರುತ್ತಿದ್ದರು. ಕೈ ತಣ್ಣಗಾಯಿತು. ಅಪ್ಪ ಪಕ್ಕದ ಪಂಕ್ಚರ್ ಅಂಗಡಿಯಿಂದ ಬೈಂಡಿಂಗ್ ವೈರ್ ತಂದು ಕಟ್ಟಿದರು. ನಿಧಾನವಾಗಿ ಮನೆಗೆ ವಾಪಸ್ ಬಂದೆವು.

ಈ ಪ್ಯಾನೆಲ್‌ಗಳು ಸುಮ್ಮನೆ ಇರುವುದಲ್ಲ. ಕಾರಿನಡಿ ಗಾಳಿ ಸಲೀಸಾಗಿ ಹರಿಯಲು, ಕಲ್ಲು, ಕೆಸರು, ನೀರು ಒಳಗೆ ಸಿಡಿಯದಿರಲು ಇವು ಬೇಕು. ಆದರೆ ನಮ್ಮ ರಸ್ತೆ ನೋಡಿ: ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಗಲವಾಗಿ, ಹೆಚ್ಚು ಎತ್ತರವಿಲ್ಲದೆ ಇರಬೇಕು. ಗಲ್ಲಿಗಳಲ್ಲಿ ಸಿಗುವುದು ಗೋಡೆಯಂಥ ದಿಣ್ಣೆ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ಉಜ್ಜದೆ ಇರುತ್ತದೆಯೇ? ಮೇಲಿಂದ ಎಂಜಿನ್ ಬಿಸಿ, ಜೊತೆಗೆ ವಯಸ್ಸು. ಪ್ಲಾಸ್ಟಿಕ್ ಹಪ್ಪಳವಾಗುತ್ತದೆ, ಕ್ಲಿಪ್ ಮುರಿಯುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ.

ನಾನು ಕಲಿತದ್ದು ಇಷ್ಟು:

ಬರೀ ಜಾಕಿ ನಂಬಿ ಕಾರಿನಡಿ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ, ಇಲ್ಲವೇ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ.

ಸ್ಕ್ರೂ ತೂತು ಹರಿದಿದ್ದರೆ ದೊಡ್ಡ ವಾಷರ್ ಹಾಕಿ ಬಿಗಿ ಮಾಡಿಸಿ. ಕ್ಲಿಪ್‌ಗಳನ್ನು ಮಾತ್ರ ಹೊಸದೇ ಹಾಕಿ. ಮಾದರಿಗೆ ಹಳೆಯದೊಂದನ್ನು ಜೆ.ಸಿ. ರಸ್ತೆಯ ಅಂಗಡಿಗೆ ಒಯ್ಯಿರಿ.

ಬಿರುಕಿದ್ದರೆ ಪ್ಯಾನೆಲ್ ಹಿಂಬದಿಯ ಅಕ್ಷರ ನೋಡಿ. ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಮಾಮೂಲಿ ಗಮ್ ಹಿಡಿಯುವುದಿಲ್ಲ. ಅದೇ ಜಾತಿಯ ಕಡ್ಡಿಯಿಂದ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬೇಕು. ಅಂಚೇ ಪುಡಿಯಾಗಿದ್ದರೆ ರಿಪೇರಿ ದಂಡ, ಹೊಸದು ಹಾಕಿ.

ಪ್ಯಾನೆಲ್ ಬಿಚ್ಚಿದಾಗ ಒಳಗೂ ಟಾರ್ಚ್ ಬಿಡಿ. ಎಣ್ಣೆ ಜಿಡ್ಡಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಬಿಸಿ ಸೈಲೆನ್ಸರ್ ಹತ್ತಿರ ಎಣ್ಣೆ ಕುಡಿದ ಪ್ಲಾಸ್ಟಿಕ್ ಅಪಾಯ. ತೊಳೆದು, ಸೋರಿಕೆ ನಿಲ್ಲಿಸಿಯೇ ಮುಚ್ಚಿಸಿ.

"ಬಿಚ್ಚಿ ಬಿಸಾಕಿ ಸಾರ್, ಏನೂ ಆಗಲ್ಲ" ಅನ್ನುವವರು ಸಿಗುತ್ತಾರೆ. ನನಗೂ ಸಿಕ್ಕರು. ಮಳೆಗಾಲದಲ್ಲಿ ಕೆಸರೆಲ್ಲ ಮೇಲಕ್ಕೆ ಸಿಡಿಯುವುದು ನಮ್ಮ ಕಾರಿಗೆ, ಅವರದ್ದಕ್ಕಲ್ಲ.

ಆಫೀಸಿನಲ್ಲಿ ಸರ್ವರ್ ಒಂದು ವಾರ್ನಿಂಗ್ ಕೊಟ್ಟರೆ ರಾತ್ರಿ ಎರಡಕ್ಕೂ ಎದ್ದು ನೋಡುವ ನಾನು, ಕಾರು ಕೊಟ್ಟ ವಾರ್ನಿಂಗಿಗೆ ಹಾಡು ಜೋರು ಮಾಡಿದ್ದೆ. ರಿಪೇರಿಯಾದ ಮೇಲೆ ಮತ್ತೆ ಶಿರಾಕ್ಕೆ ಹೊರಟೆವು. ತುಮಕೂರು ದಾಟಿದ ಮೇಲೆ ಅಪ್ಪನೇ ಹಾಡು ಆಫ್ ಮಾಡಿ ಕಿವಿಗೊಟ್ಟರು. "ಈಗ ಸರಿಯಿದೆ, ಹಾಕ್ಕೋ ನಿನ್ ಪಾಟು" ಅಂದರು.