ಹಾನಿಗೊಳಗಾದ ಆರ್.ಸಿ.ಸಿ. ಕಂಬಗಳಿಗೆ ಕಾಂಕ್ರೀಟ್ ಹೊದಿಕೆ – ಸಾರ್ವಜನಿಕರ ಮಾಹಿತಿಗಾಗಿ

2021ರ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 2.9 ಹಾಗೂ 3.0 ತೀವ್ರತೆಯ ಎರಡು ಲಘು ಭೂಕಂಪನಗಳು ದಾಖಲಾದವು. ಇಂತಹ ಕಂಪನಗಳಿಂದ ಸುಸ್ಥಿತಿಯಲ್ಲಿರುವ ಕಟ್ಟಡಗಳಿಗೆ ಧಕ್ಕೆಯಾಗುವ ಸಂಭವ ಕಡಿಮೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಹಳೆಯ ಕಟ್ಟಡಗಳ ಮಾಲೀಕರು ಕಂಬದೊಳಗಿನ ಸರಳು ತುಕ್ಕು ಹಿಡಿಯುವುದನ್ನು ಗಂಭೀರವಾಗಿ ಪರಿಗಣಿಸುವುದು ಅವಶ್ಯ.

ಹಾನಿಯ ಲಕ್ಷಣಗಳು

ತುಕ್ಕು ಹಿಡಿದ ಸರಳು ಉಬ್ಬಿ, ಹೊರಗಿನ ಕಾಂಕ್ರೀಟನ್ನು ಸೀಳುತ್ತದೆ. ಸರಳಿನ ಉದ್ದಕ್ಕೂ ಬಿರುಕು, ಕಂದು ಕಲೆ ಹಾಗೂ ಕಾಂಕ್ರೀಟ್ ಉದುರುವಿಕೆ ಇದರ ಲಕ್ಷಣಗಳು. ನೀರಿನ ತೊಟ್ಟಿ, ಶೌಚಾಲಯಗಳ ಪಕ್ಕದ ಕಂಬಗಳನ್ನು ಹಾಗೂ ಸದಾ ಬಿಸಿನೀರು, ಆವಿ ಇರುವ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳ ಕಂಬಗಳನ್ನು ವಿಶೇಷವಾಗಿ ಪರಿಶೀಲಿಸತಕ್ಕದ್ದು. ಬಿರುಕಿನ ಮೇಲೆ ಗಾರೆ ಬಳಿದರೆ ಬಿರುಕು ಮರೆಯಾಗುವುದೇ ಹೊರತು ಕಂಬದ ಬಲ ಹೆಚ್ಚುವುದಿಲ್ಲ.

ಹೊದಿಕೆ ಎಂದರೇನು?

ಹಳೆಯ ಕಂಬದ ಸುತ್ತಲೂ ಹೊಸ ಸರಳು ಕಟ್ಟಿ, ಹೊಸ ಕಾಂಕ್ರೀಟ್ ತುಂಬಿ, ಎರಡೂ ಒಂದಾಗಿ ಭಾರ ಹೊರುವಂತೆ ಮಾಡುವುದೇ ಹೊದಿಕೆ (ಜಾಕೆಟ್). ಭಾರತೀಯ ಮಾನಕ 15988:2013 ಇದಕ್ಕೆ ಮಾರ್ಗಸೂಚಿ ನೀಡಿದೆ.

ಕಾಮಗಾರಿಯ ಕ್ರಮ

1. ಮೊದಲು ತೊಲೆ ಮತ್ತು ಛಾವಣಿಗೆ ಉಕ್ಕಿನ ಆಸರೆ (ಜಾಕಿ) ನೀಡಿ, ಕಂಬದ ಮೇಲಿನ ಭಾರವನ್ನು ಇಳಿಸತಕ್ಕದ್ದು. ಆಸರೆಯಿಲ್ಲದೆ ಕಂಬವನ್ನು ಒಡೆಯುವುದು ಪ್ರಾಣಾಪಾಯಕಾರಿ. ಅಲ್ಲದೆ, ಭಾರ ಇಳಿಸದಿದ್ದಲ್ಲಿ ಅದು ಹಳೆಯ ಕಂಬದ ಮೇಲೆಯೇ ಉಳಿಯುತ್ತದೆ.

2. ಗಾರೆ ಹಾಗೂ ಸಡಿಲ ಕಾಂಕ್ರೀಟನ್ನು ತೆಗೆದು, ಸರಳಿನ ತುಕ್ಕನ್ನು ಪೂರ್ಣವಾಗಿ ಉಜ್ಜಿ, ಹಳೆಯ ಮೇಲ್ಮೈಯನ್ನು ಒರಟುಗೊಳಿಸತಕ್ಕದ್ದು.

3. ಹೆಚ್ಚುವರಿ ಲಂಬ ಸರಳು ಅಗತ್ಯವಿಲ್ಲವೆಂದು ಲೆಕ್ಕಾಚಾರದಿಂದ ಕಂಡುಬಂದರೂ, ನಾಲ್ಕು ಮೂಲೆಗಳಲ್ಲಿ ಕನಿಷ್ಠ 12 ಮಿ.ಮೀ. ಸರಳು ಹಾಗೂ 100 ಮಿ.ಮೀ. ಅಂತರದಲ್ಲಿ 8 ಮಿ.ಮೀ. ರಿಂಗ್‌ಗಳನ್ನು ಅಳವಡಿಸತಕ್ಕದ್ದು. ರಿಂಗ್‌ನ ಕೊಕ್ಕೆ 135 ಡಿಗ್ರಿ ಬಾಗಿರಬೇಕು.

4. ಹೊದಿಕೆಯ ದಪ್ಪ 100 ಮಿ.ಮೀ.ಗಿಂತ ಕಡಿಮೆ ಇರಬಾರದು. ಹೊಸ ಕಾಂಕ್ರೀಟಿನ ಬಲ ಹಳೆಯದಕ್ಕಿಂತ ಕನಿಷ್ಠ 5 ಮೆಗಾಪ್ಯಾಸ್ಕಲ್ ಹೆಚ್ಚಿರಬೇಕು.

5. ಕೊಳವೆಬಾವಿ ನೀರನ್ನು ಬಳಸುವ ಮುನ್ನ ಪರೀಕ್ಷಿಸತಕ್ಕದ್ದು. ಭಾರತೀಯ ಮಾನಕ 456:2000ರ ಪ್ರಕಾರ ಆರ್.ಸಿ.ಸಿ.ಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಪ್ರಮಾಣ ಲೀಟರಿಗೆ 500 ಮಿ.ಗ್ರಾಂ. ಮೀರುವಂತಿಲ್ಲ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಲ್ಲಿ ಕನಿಷ್ಠ 7 ದಿನ, ಮಿಶ್ರ ಸಿಮೆಂಟ್ ಬಳಸಿದಲ್ಲಿ ಕನಿಷ್ಠ 10 ದಿನ ಕ್ಯೂರಿಂಗ್ ಅವಶ್ಯ.

ವಿಶೇಷ ಸೂಚನೆ

ಹೊದಿಕೆಯಿಂದ ತಳಪಾಯದ ಮೇಲಿನ ಭಾರ ಹೆಚ್ಚುತ್ತದೆ. ಒಂದೇ ಕಂಬವನ್ನು ದಪ್ಪಗೊಳಿಸಿದಲ್ಲಿ ಭೂಕಂಪನದ ವೇಳೆ ಆ ಕಂಬವೇ ಹೆಚ್ಚಿನ ಒತ್ತಡಕ್ಕೆ ಒಳಗಾಗುತ್ತದೆ. ಆದುದರಿಂದ ಅರ್ಹ ರಚನಾ ಇಂಜಿನಿಯರ್ ಅವರಿಂದ ಇಡೀ ಕಟ್ಟಡದ ತಪಾಸಣೆ ಮಾಡಿಸಿ, ನಕ್ಷೆ ಪಡೆದ ನಂತರವೇ ಕಾಮಗಾರಿ ಕೈಗೊಳ್ಳಲು ಹಾಗೂ ಕಾಮಗಾರಿ ಮುಗಿಯುವವರೆಗೆ ಆ ಭಾಗದಲ್ಲಿ ವಾಸವನ್ನಾಗಲಿ ಕೆಲಸವನ್ನಾಗಲಿ ಮುಂದುವರಿಸದಿರಲು ಕಟ್ಟಡ ಮಾಲೀಕರನ್ನು ಕೋರಲಾಗಿದೆ.