ವಾಲ್ವಿನೊಳಗಿನ ನೀಲಿ ಮಂಜು

ಹಳೇ ಮಾದರಿಯ ಗಿಟಾರ್ ಆಂಪ್ಲಿಫೈಯರ್ ರಿಪೇರಿಗೆ ಬಂದಾಗ ಅನುಭವಸ್ಥರು ಮೀಟರ್ ಹಿಡಿಯುವ ಮೊದಲು ಕೋಣೆಯ ದೀಪ ಆರಿಸಿ ವಾಲ್ವುಗಳನ್ನೊಮ್ಮೆ ನೋಡುತ್ತಾರೆ. ಗಾಜಿನ ಒಳಮೈಗೆ ಬಳಿದಂತೆ ನೀಲಿ ಬೆಳಕು ಕಂಡರೆ ಹೆದರಬೇಕಿಲ್ಲ. ಗುರಿ ತಪ್ಪಿದ ಎಲೆಕ್ಟ್ರಾನುಗಳು ಬಡಿದಾಗ ಗಾಜು ಹಾಗೆ ಹೊಳೆಯುತ್ತದೆ. ಪವರ್ ವಾಲ್ವಿನ ತಟ್ಟೆಯ ಒಳಗೇ ನೇರಳೆ ಬೆರೆತ ನೀಲಿ ಮಂಜು ತುಂಬಿಕೊಂಡಿದ್ದರೆ ಮಾತ್ರ ಕೂಡಲೇ ಸ್ವಿಚ್ ಆರಿಸಬೇಕು. ಒಳಗೆ ಅನಿಲ ಸೇರಿದೆ, ಮುನ್ನೂರೈವತ್ತು ನಾನೂರು ವೋಲ್ಟನ್ನು ಆ ವಾಲ್ವು ಇನ್ನು ತಾಳದು.

ಈ ಮಂಜು ಕಾಯಿಲೆಯ ಲಕ್ಷಣವೆಂದು ಗುರುತಿಸಿ ಮದ್ದು ಕಂಡುಕೊಂಡವರಲ್ಲಿ ಟೆಲಿಫೋನಿನವರು ಮೊದಲಿಗರು. ವಾಲ್ವನ್ನು ಕಟ್ಟಿದವನಿಗೇ ಅದು ಹೊಳೆದಿರಲಿಲ್ಲ.

ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ‘ಆಡಿಯಾನ್’ ಮಾಡಿದ. ಕಾಯುವ ತಂತಿ, ಎದುರಿಗೊಂದು ತಟ್ಟೆ, ನಡುವೆ ಬಾಗಿಸಿದ ತಂತಿಯ ಗ್ರಿಡ್. ಬುರುಡೆಯಲ್ಲಿ ಉಳಿದಿರುವ ಚೂರುಪಾರು ಅನಿಲದಿಂದಲೇ ಇದು ಕೆಲಸ ಮಾಡುತ್ತದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಹಾಗಾಗಿ ಅದನ್ನು ಪೂರ್ತಿ ತೆಗೆಯುವ ಗೋಜಿಗೇ ಹೋಗಲಿಲ್ಲ.

1912ರ ಅಕ್ಟೋಬರ್ ಕೊನೆಯಲ್ಲಿ ಅವನು ಆಡಿಯಾನನ್ನು ಬೆಲ್ ಟೆಲಿಫೋನ್ ಎಂಜಿನಿಯರುಗಳ ಮುಂದಿಟ್ಟ. ಅವರದು ಬೇರೆಯದೇ ಚಿಂತೆ. ನ್ಯೂಯಾರ್ಕಿನಿಂದ ಹೊರಟ ಮಾತು ಡೆನ್ವರ್ ಮುಟ್ಟುವಷ್ಟರಲ್ಲಿ ಸೊರಗಿಹೋಗುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಇನ್ನೂ ದೂರ. ಆಡಿಯಾನ್ ಪಿಸುಮಾತನ್ನು ಚೆನ್ನಾಗಿಯೇ ದೊಡ್ಡದು ಮಾಡಿತು. ಗಟ್ಟಿ ದನಿ ಕೊಟ್ಟರೆ ಬುರುಡೆಯಲ್ಲಿ ನೀಲಿ ಮಂಜು ಕವಿದು ಮಾತು ಕಟ್ಟಿಹೋಗುತ್ತಿತ್ತು. ತಟ್ಟೆಗೆ ವೋಲ್ಟೇಜ್ ಏರಿಸಿದರೂ ಅದೇ ಪಾಡು.

ನೋಡಲು ಬಂದವರಲ್ಲಿ ಹೆರಾಲ್ಡ್ ಆರ್ನಾಲ್ಡ್ ಎಂಬ ಯುವ ಭೌತವಿಜ್ಞಾನಿಯಿದ್ದ, ಭೌತವಿಜ್ಞಾನದ ಪ್ರೊಫೆಸರ್ ಮಿಲಿಕನ್ನರ ಶಿಷ್ಯ. ಮಾತು ವರ್ಧಿಸಲೆಂದು ಅಲ್ಲಿಯವರೆಗೆ ಪಾದರಸದ ಆವಿಯೊಂದಿಗೆ ಗುದ್ದಾಡುತ್ತಿದ್ದವನು. ಮಂಜು ಎಲ್ಲಿಂದ ಬಂತೆಂದು ಅವನಿಗೆ ಬೇಗ ತಿಳಿಯಿತು. ವೋಲ್ಟೇಜ್ ಹೆಚ್ಚಿದಂತೆ ಎಲೆಕ್ಟ್ರಾನುಗಳ ವೇಗ ಹೆಚ್ಚುತ್ತದೆ. ಒಂದು ಮಿತಿ ದಾಟಿದರೆ ಅವು ಅನಿಲದ ಅಣುಗಳನ್ನು ಒಡೆಯುತ್ತವೆ. ಹುಟ್ಟಿದ ಅಯಾನುಗಳು ಹಿಂದಿರುಗಿ ಕಾದ ತಂತಿಗೆ ಅಪ್ಪಳಿಸುತ್ತವೆ, ವಿದ್ಯುತ್ತು ಗ್ರಿಡ್ಡಿನ ಮಾತು ಕೇಳುವುದನ್ನು ಬಿಡುತ್ತದೆ. ಡಿ ಫಾರೆಸ್ಟ್ ಜೀವಾಳವೆಂದು ತಿಳಿದದ್ದೇ ರೋಗವಾಗಿತ್ತು.

ಮದ್ದು ಹೇಳುವುದು ಸುಲಭ: ಅನಿಲ ತೆಗೆಯಿರಿ. ಮಾಡುವುದೇ ಕಷ್ಟ. ಗಾಜಿನಲ್ಲಿ, ಲೋಹದಲ್ಲಿ ಅಡಗಿದ ಅನಿಲ ಬಿಸಿಯೇರಿದಾಗ ಮೆಲ್ಲಗೆ ಹೊರಬರುತ್ತದೆ. ಜರ್ಮನಿಯ ಗೇಡೆ ಪಂಪು ಅದಕ್ಕೆ ಒದಗಿತು. 1913ರಲ್ಲೇ ಆರ್ನಾಲ್ಡನ ಹೊಸ ವಾಲ್ವುಗಳು ಟೆಲಿಫೋನ್ ಮಾರ್ಗ ಸೇರಿದವು. 1915ರ ಜನವರಿ 25ರಂದು ನ್ಯೂಯಾರ್ಕಿನಲ್ಲಿ ಕೂತ ಗ್ರಹಾಂ ಬೆಲ್, ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ಹಳೇ ಜೊತೆಗಾರ ವಾಟ್ಸನ್ ಜತೆ ಮಾತಾಡಿದ. ಇವತ್ತಿನ ಗಿಟಾರ್ ಆಂಪ್ಲಿಫೈಯರಿನ 6ವಿ6 ಪವರ್ ವಾಲ್ವಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪ ಅನಿಲ ತೆಗೆಯುವ ಅದೇ ಕೆಲಸವನ್ನು ಮುಂದುವರಿಸುತ್ತಿದೆ. ಬಿಸಿಯಲ್ಲಿ ಹೊರಬಂದ ಅನಿಲವನ್ನು ಅದು ಹೀರಿಕೊಳ್ಳುತ್ತದೆ. ಲೇಪ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿತೆಂದೇ ಅರ್ಥ, ಮೀಟರ್ ಹಚ್ಚಿ ನೋಡುವ ಅಗತ್ಯವೂ ಇಲ್ಲ.

ಆರ್ನಾಲ್ಡ್ ಅನಿಲ ತೆಗೆಯುತ್ತಿದ್ದ ಕಾಲಕ್ಕೇ ಜನರಲ್ ಎಲೆಕ್ಟ್ರಿಕ್ಕಿನ ಇರ್ವಿಂಗ್ ಲ್ಯಾಂಗ್ಮ್ಯೂರ್ ಕೂಡ ಬೇರೆ ದಾರಿಯಲ್ಲಿ ಅದೇ ಮದ್ದಿಗೆ ಬಂದಿದ್ದ. ಅವನ ಪೇಟೆಂಟಿನ ಜಗಳ ವರ್ಷಗಟ್ಟಲೆ ಎಳೆದು 1931ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. ಹೆಚ್ಚು ನಿರ್ವಾತ ಮಾಡಿದ್ದರಲ್ಲಿ ಆವಿಷ್ಕಾರವೇನೂ ಇಲ್ಲ ಎಂದಿತು ಕೋರ್ಟು. ಗೆದ್ದ ಕಂಪನಿಯ ಹೆಸರು ಡಿ ಫಾರೆಸ್ಟ್ ರೇಡಿಯೋ.